ಮಾರಿಮೋ ಚೆಂಡಿನ ಅಡಿ ಕಂದಾಗಿದೆ, ನೆತ್ತಿ ಬೆಳ್ಳಗಾಗಿದೆ: ಉಳಿಸಿಕೊಳ್ಳುವುದು ಹೇಗೆ?

ತಿಳಿನೀರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಮಾರಿಮೋ ಚೆಂಡು ಇದೆ, ಅಂದರೆ ನೀರಿನಲ್ಲಿ ಚೆಂಡಿನ ಹಾಗೆ ಗುಂಡಗೆ ಬೆಳೆಯುವ ಹಸಿರು ಪಾಚಿ. ಸುಮಾರು 4 ಸೆಂಟಿಮೀಟರ್ ಅಗಲ. ಗೆಳತಿ ಕೊಟ್ಟಿದ್ದು, ಹಾಗಾಗಿ ನನಗೆ ಅದರ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿಯೇ. ಅಗಲ ಬಾಯಿಯ ಗಾಜಿನ ಜಾರ್‌ನಲ್ಲಿ ನಲ್ಲಿ ನೀರು ಹಾಕಿ, ಕಿಟಕಿ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇನೆ. ಬೇರೆ ಗಿಡ, ಮೀನು ಏನೂ ಇಲ್ಲ.

ಈಚೆಗೆ ಅದರ ಬಣ್ಣ ಕೆಡುತ್ತಿದೆ. ಕೆಳಗಿನ ಅರ್ಧ ಕಂದಾಗಿದೆ. ನೆತ್ತಿಯ ಮೇಲೆ ಉಗುರಿನಷ್ಟು ಜಾಗ ಬೆಳ್ಳಗಾಗಿದೆ. ಮೊದಲೆಲ್ಲ ಕೆಲವು ದಿನ ಬೆಳಿಗ್ಗೆ ತಾನಾಗಿಯೇ ಮೇಲಕ್ಕೆ ತೇಲಿ ಬರುತ್ತಿತ್ತು. ಈಗ ತಳ ಬಿಟ್ಟು ಏಳುವುದೇ ಇಲ್ಲ.

ಕೇಳಿದವರೆಲ್ಲ ಒಂದೊಂದು ಹೇಳುತ್ತಾರೆ. ಒಬ್ಬರು ಗಿಡದ ದ್ರವ ಗೊಬ್ಬರ ಎರಡು ಹನಿ ಹಾಕಿ ಅಂದರು. ಇನ್ನೊಬ್ಬರು ಉಪ್ಪು ಹಾಕಿ ಅಂದರು. ಮತ್ತೊಬ್ಬರು ಚೆನ್ನಾಗಿ ಬಿಸಿಲು ತೋರಿಸಿ ಅಂದರು. ಯಾವುದನ್ನೂ ಇನ್ನೂ ಮಾಡಿಲ್ಲ. ಇದು ಸಾಯುತ್ತಿದೆಯಾ? ಬದುಕಿಸಲು ಏನು ಮಾಡಬೇಕು?

ಗಾಜಿನಮನೆ ಉತ್ತರ:

ಬಿಸಿಲು ಮಾತ್ರ ಬೇಡವೇ ಬೇಡ. ಮೊದಲು ಜಾರ್ ಅನ್ನು ಕಿಟಕಿಯಿಂದ ದೂರ ಸರಿಸಿ, ನೀರು ಬದಲಾಯಿಸಿ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಹಸಿರುಬೊಗಸೆ ಅವರು ಬಹಳ ವರ್ಷಗಳಿಂದ ಮಾರಿಮೋ ಸಾಕುತ್ತಿದ್ದಾರೆ. ಅವರು ಬಂದು ವಿವರವಾಗಿ ಹೇಳಲಿ.

ಹಸಿರುಬೊಗಸೆ ಉತ್ತರ:

ತಿಳಿನೀರು ಅವರೇ, ಗಾಬರಿಯಾಗಬೇಡಿ. ನೀವು ಬರೆದಿರುವುದರಲ್ಲಿ ಇದು ಸಾಯುತ್ತಿದೆ ಅನ್ನುವಂಥದ್ದು ನನಗೆ ಏನೂ ಕಾಣಲಿಲ್ಲ. ಮಾರಿಮೋ ಗಟ್ಟಿ ಜೀವ. ಗೊಬ್ಬರ, ಉಪ್ಪು, ಬಿಸಿಲು ಮೂರನ್ನೂ ತಡೆದಿದ್ದು ಬಹಳ ಒಳ್ಳೆಯದಾಯಿತು.

ಏನಾದರೂ ಹಾಕುವ ಮೊದಲು ಚೆಂಡನ್ನು ಕೈಯಲ್ಲಿ ಹಿಡಿದು ನೋಡಬೇಕು. ಜಾರ್‌ನ ಹೊರಗಿನಿಂದ ಬಣ್ಣ ನೋಡಿಯೇ ತೀರ್ಮಾನಕ್ಕೆ ಬರುವವರು ಜಾಸ್ತಿ. ಅದು ಸಾಲದು. ಒಂದು ಬಟ್ಟಲಲ್ಲಿ ನೀರು ತೆಗೆದುಕೊಳ್ಳಿ. ಜಾರ್‌ನ ನೀರು ಎಷ್ಟು ತಣ್ಣಗಿದೆಯೋ ಇದೂ ಅಷ್ಟೇ ತಣ್ಣಗಿರಲಿ. ಕೈ ತೊಳೆದುಕೊಂಡು, ಸೋಪಿನ ಅಂಶ ಒಂಚೂರೂ ಉಳಿಯದ ಹಾಗೆ ನೋಡಿಕೊಂಡು, ಚೆಂಡನ್ನು ಅಂಗೈಯಲ್ಲಿಟ್ಟು ನೀರಿನೊಳಗೇ ಮೆಲ್ಲಗೆ ಒತ್ತಿ. ಹಿಂಡುವುದಲ್ಲ, ಒತ್ತುವುದು. ಮೊದಲ ಸಲ ಕೆಸರು ಬಣ್ಣದ ಹೊಗೆಯಂಥದ್ದು ಹೊರಗೆ ಬರುತ್ತದೆ. ಕೈ ಸಡಿಲ ಬಿಟ್ಟರೆ ಚೆಂಡು ಹೊಸ ನೀರು ಕುಡಿದು ಮತ್ತೆ ಉಬ್ಬುತ್ತದೆ. ಹೊರಬರುವ ನೀರು ತಿಳಿಯಾಗುವ ತನಕ ಹೀಗೇ ಮಾಡಿ.

ಈಗ ಕಂದಾದ ಭಾಗವನ್ನು ಹೆಬ್ಬೆರಳಿನಿಂದ ಒಂದೇ ಕಡೆಗೆ ನಿಧಾನವಾಗಿ ಉಜ್ಜಿ. ಕಂದು ಬಣ್ಣ ಧೂಳಿನ ಹಾಗೆ ಬಿಟ್ಟುಕೊಂಡು ಅಡಿಯಲ್ಲಿ ಹಸಿರು ಕಂಡರೆ ಅದು ಸುಮ್ನೆ ಕೂತ ಕೊಳೆ, ಇಲ್ಲವೇ ಮೇಲೆ ಹತ್ತಿಕೊಂಡ ಡಯಾಟಮ್ ಅನ್ನುವ ಕಂದು ಬಣ್ಣದ ಸೂಕ್ಷ್ಮ ಪಾಚಿ. ಎಳೆಗಳೇ ಕಂದಾಗಿ, ಬೆರಳಿಗೆ ಪುಡಿಪುಡಿಯಾಗಿ ಕಿತ್ತು ಬಂದರೆ ಆ ಎಳೆಗಳು ಸತ್ತಿವೆ ಅಂತ ಅರ್ಥ. ಚೆನ್ನಾಗಿರುವ ಮಾರಿಮೋ ಕೈಗೆ ಒದ್ದೆ ಉಣ್ಣೆಯ ಹಾಗೆ ಸ್ವಲ್ಪ ಒರಟಾಗಿ ಸಿಗುತ್ತದೆ. ಲೋಳೆಲೋಳೆ ಆಗಿದ್ದರೆ ಏನೋ ಸರಿ ಇಲ್ಲ. ಕೊನೆಗೆ ಮೂಗಿನ ಹತ್ತಿರ ಹಿಡಿಯಿರಿ. ಕೆರೆ ನೀರಿನ ವಾಸನೆ ಬಂದರೆ ಯೋಚನೆ ಬೇಡ. ಕೊಳೆತ ವಾಸನೆ ಬಂದರೆ ಮಾತ್ರ ಒಳಗೆ ಬಿಡಿಸಿ ನೋಡಬೇಕಾಗುತ್ತದೆ.

ಅಡಿ ಯಾಕೆ ಕಂದಾಯಿತು ಅಂತ ಹೇಳುತ್ತೇನೆ. ಇದು ಗೋಡೆ ಮೇಲೆ ಬೆಳೆಯುವ ಹಾವಸೆಯ ಬಳಗದ್ದಲ್ಲ. ನೀರಿನ ಹಸಿರು ಪಾಚಿ, ವಿಜ್ಞಾನದಲ್ಲಿ ಈಗಾಗ್ರೋಪಿಲಾ ಲಿನ್ನೇಯಿ. ಒಳಗೆ ಕಲ್ಲು, ತಿರುಳು ಏನೂ ಇರುವುದಿಲ್ಲ. ನಡುವಿನಿಂದ ಹೊರಗಿನ ತನಕ ಬರೀ ಕವಲೊಡೆದ ಎಳೆಗಳೇ. ಜಪಾನಿನ ಹೊಕ್ಕೈಡೊದಲ್ಲಿರುವ ಆಕಾನ್ ಸರೋವರ ಇದಕ್ಕೆ ಹೆಸರುವಾಸಿ. ಅಲ್ಲಿ ಚುರುಯಿ ಅನ್ನುವ ಕೊಲ್ಲಿಯ ಆಳವಿಲ್ಲದ ತಳದಲ್ಲಿ ಇವು ಗುಂಪುಗುಂಪಾಗಿ ಇರುತ್ತವೆ. ಗಾಳಿ ಎಬ್ಬಿಸುವ ಅಲೆ ಇವನ್ನು ನಿಂತಲ್ಲೇ ಉರುಳಿಸುತ್ತದೆ. ಉರುಳಿದಾಗ ಮೈಮೇಲಿನ ಕೆಸರು ಉದುರುತ್ತದೆ, ಎಲ್ಲ ಬದಿಗೂ ಬೆಳಕು ಸಿಗುತ್ತದೆ, ಎಳೆಗಳು ಎಲ್ಲ ಕಡೆಗೂ ಸಮನಾಗಿ ಬೆಳೆದು ಗುಂಡಗಾಗುತ್ತವೆ. ಅಲೆ ಇಲ್ಲದ ಕಡೆ ಇದೇ ಪಾಚಿ ಚೆಂಡಾಗುವುದೇ ಇಲ್ಲ. ಕಲ್ಲಿಗೆ ಅಂಟಿಕೊಂಡೋ, ಬಿಡಿ ಎಳೆಗಳಾಗಿಯೋ ಇರುತ್ತದೆ.

ನಿಮ್ಮ ಜಾರ್‌ನಲ್ಲಿ ಅಲೆ ಎಲ್ಲಿಂದ ಬರಬೇಕು? ಕೆಳಗಿನ ಬದಿ ಕೆಳಗೇ ಕೂತಿತು. ಬೆಳಕೂ ಇಲ್ಲ, ಕೊಳೆಯೆಲ್ಲ ಅಲ್ಲೇ. ಅಲೆ ಮಾಡುವ ಕೆಲಸವನ್ನು ನಿಮ್ಮ ಕೈ ಮಾಡಬೇಕು, ಮಾರಿಮೋ ಸಾಕುವುದು ಅಂದರೆ ಮುಖ್ಯವಾಗಿ ಇದೇ. ಪ್ರತಿ ಸಲ ನೀರು ಬದಲಾಯಿಸುವಾಗ ಎರಡು ಅಂಗೈ ನಡುವೆ ಹಗುರಾಗಿ ಉರುಳಿಸಿ. ಇಡುವಾಗ ಹೋದ ಸಲ ಕೆಳಗಿದ್ದ ಬದಿಯನ್ನು ಮೇಲೆ ಮಾಡಿ. ನಡುನಡುವೆ ಜಾರ್ ಹಿಡಿದು ಮೆಲ್ಲಗೆ ಒಂದು ಸುತ್ತು ತಿರುಗಿಸಿದರೂ ಚೆಂಡು ತಾನೇ ಹೊರಳುತ್ತದೆ. ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ನೀರು ಬದಲಾಯಿಸಿದರೆ ಸಾಕು. ಸೆಕೆ ಇದ್ದಾಗ ವಾರಕ್ಕೊಮ್ಮೆ ಮಾಡಿ.

ನೆತ್ತಿ ಬೆಳ್ಳಗಾಗಿದ್ದು ಬಿಸಿಲಿನಿಂದ. ಸರೋವರದ ತಳಕ್ಕೆ ಇಳಿಯುವ ಹೊತ್ತಿಗೆ ಬೆಳಕು ಬಹಳ ಮಂಕಾಗಿರುತ್ತದೆ. ಇದು ಆ ಮಂಕು ಬೆಳಕಿಗೆ ಒಗ್ಗಿದ ಜೀವ. ಕಿಟಕಿಯ ನೇರ ಬಿಸಿಲು ಎಳೆಗಳನ್ನು ಸುಡುವುದಲ್ಲದೆ ಜಾರ್‌ನ ನೀರನ್ನೂ ಕಾಯಿಸುತ್ತದೆ. ಹಗಲು ಹೊತ್ತಿನಲ್ಲಿ ದೀಪ ಹಾಕದೆ ಪುಸ್ತಕ ಓದಬಹುದು, ಆದರೆ ಬಿಸಿಲಿನ ಕಿರಣ ಬೀಳುವುದಿಲ್ಲ, ಅಂಥ ಜಾಗ ಹುಡುಕಿ. ಬೆಳ್ಳಗಾದ ಎಳೆ ಮತ್ತೆ ಹಸಿರಾಗುವುದಿಲ್ಲ. ಅಕ್ಕಪಕ್ಕದಿಂದ, ಅಡಿಯಿಂದ ಹೊಸ ಎಳೆ ಬಂದು ಮುಚ್ಚಿಕೊಳ್ಳುತ್ತದೆ. ನೋಡಲು ಬೇಸರ ಅನ್ನಿಸಿದರೆ ಸಣ್ಣ ಕತ್ತರಿಯಲ್ಲಿ ತುದಿಗಳನ್ನು ಕತ್ತರಿಸಿಬಿಡಿ. ಅದಕ್ಕೇನೂ ಆಗುವುದಿಲ್ಲ.

ಆದರೆ ತಾಳ್ಮೆ ಬೇಕು. ಮಾರಿಮೋ ವರ್ಷಕ್ಕೆ ಸುಮಾರು 5 ಮಿಲಿಮೀಟರ್ ಅಷ್ಟೇ ದಪ್ಪ ಆಗುವುದು. ಎರಡು ವಾರದಲ್ಲಿ ಬದಲಾವಣೆ ಕಾಣಲಿಲ್ಲ ಅಂತ ಮತ್ತೇನಾದರೂ ಸುರಿಯಲು ಹೋಗಬೇಡಿ.

ಗೊಬ್ಬರದ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಯುರೋಪಿನ ಎಷ್ಟೋ ಸರೋವರಗಳಲ್ಲಿ ಈ ಪಾಚಿ ಕಾಣೆಯಾಗಿದ್ದೇ ನೀರಿಗೆ ಪೋಷಕಾಂಶ ಜಾಸ್ತಿ ಸೇರಿದ್ದರಿಂದ. ಐಸ್‌ಲ್ಯಾಂಡಿನ ಮೀವಾತ್ನ್ ಸರೋವರದ ತಳದಲ್ಲಿ ದಟ್ಟವಾಗಿ ಹಬ್ಬಿದ್ದ ಚೆಂಡುಗಳು 2014ರ ಹೊತ್ತಿಗೆ ಹೆಚ್ಚುಕಡಿಮೆ ಮಾಯವಾದವು. ಗೊಬ್ಬರ ಬಿದ್ದ ನೀರಲ್ಲಿ ಬೇರೆ ಪಾಚಿಗಳು ದಡದಡ ಬೆಳೆದು ಬೆಳಕನ್ನು ತಡೆಯುತ್ತವೆ. ನಿಧಾನದ ಮಾರಿಮೋಗೆ ಅವುಗಳ ಜೊತೆ ಪೈಪೋಟಿ ಮಾಡಲು ಆಗುವುದಿಲ್ಲ. ಒಂದು ಜಾರ್‌ನಲ್ಲಿ ಇದೆಲ್ಲ ಇನ್ನೂ ಬೇಗ ಆಗುತ್ತದೆ. ನಲ್ಲಿ ನೀರಿನಲ್ಲಿ ಇರುವಷ್ಟು ಖನಿಜವೇ ಅದಕ್ಕೆ ಸಾಕು.

ಪರೀಕ್ಷೆ ಮಾಡಿ ಏನು ಕಂಡಿತು ಅಂತ ಬರೆಯಿರಿ. ಉಪ್ಪಿನ ಮಾತು ಆಮೇಲೆ.

ತಿಳಿನೀರು ಉತ್ತರ:

ತುಂಬಾ ಥ್ಯಾಂಕ್ಸ್. ನೀವು ಹೇಳಿದ ಹಾಗೇ ಮಾಡಿದೆ. ಬಟ್ಟಲಿನ ನೀರು ಚಹಾ ಬಣ್ಣಕ್ಕೆ ತಿರುಗಿತು! ಉಜ್ಜಿದಾಗ ಕಂದು ಬಹುಪಾಲು ಬಿಟ್ಟುಕೊಂಡಿತು, ಅಡಿಯಲ್ಲಿ ಗಾಢ ಹಸಿರು ಇದೆ. ವಾಸನೆ ಏನೂ ಇಲ್ಲ. ಒಂದು ಕಡೆ ಮಾತ್ರ ಸಣ್ಣ ಜಾಗದಲ್ಲಿ ಎಳೆಗಳು ಕಿತ್ತು ಬಂದವು. ಜಾರ್ ಈಗ ಕಪಾಟಿನ ಮೇಲಿದೆ, ಬಿಸಿಲು ಬೀಳುವುದಿಲ್ಲ.

ಇನ್ನೂ ಕೆಲವು ಅನುಮಾನ ಇವೆ. ನಲ್ಲಿ ನೀರನ್ನು ನೇರವಾಗಿ ಹಾಕಬಹುದಾ? ಬೇಸಿಗೆಯಲ್ಲಿ ನೀರು ಬೆಚ್ಚಗಾದರೆ ಏನು ಮಾಡಬೇಕು? ತೇಲುವುದು ನಿಂತಿದ್ದು ಯಾಕೆ? ಜೊತೆಗೆ ಒಂದು ಸಣ್ಣ ಮೀನು ಬಿಟ್ಟರೆ ಚೆನ್ನಾಗಿರುತ್ತದೆ ಅಂತ ಆಸೆ, ಬಿಡಬಹುದಾ?

ಮೀನಂಗಳ ಉತ್ತರ:

ಮೀನಿನ ಪ್ರಶ್ನೆಗೆ ನಾನು ಹೇಳುತ್ತೇನೆ, ಅದು ನನ್ನ ಇಷ್ಟದ ವಿಷಯ. ನಿಮ್ಮ ಜಾರ್‌ಗೆ ಮೀನು ಬೇಡ. ಮಾರಿಮೋಗೆ ಸಾಲುವ ಜಾಗ ಮೀನಿಗೆ ಸಾಲುವುದಿಲ್ಲ. ಮುಂದೆ ದೊಡ್ಡ ಅಕ್ವೇರಿಯಂ ಮಾಡಿದರೆ ಆಗ ನೋಡೋಣ. ಆಗಲೂ ಗೋಲ್ಡ್ ಫಿಶ್ ಜೊತೆ ಮಾತ್ರ ಇಡಬೇಡಿ, ಅದು ಎಳೆ ಎಳೆಯಾಗಿ ಕಿತ್ತು ಹಾಕುತ್ತದೆ. ಗೋಲ್ಡ್ ಫಿಶ್‌ಗೆ ಇಷ್ಟವಾಗುವ ತಣ್ಣನೆ ನೀರೇ ಮಾರಿಮೋಗೂ ಇಷ್ಟ. ಹಾಗಾಗಿ ಇಬ್ಬರೂ ಹೊಂದಿಕೊಳ್ಳುತ್ತಾರೆ ಅಂತ ಎಷ್ಟೋ ಜನ ಒಟ್ಟಿಗೆ ಬಿಡುತ್ತಾರೆ. ಪಾಚಿ ಕೆರೆದು ತಿನ್ನುವ ಪ್ಲೆಕೋ ಮೀನುಗಳೂ ಕೆರೆದು ಹಾಕುತ್ತವೆ.

ಒಳ್ಳೆಯ ಜೊತೆ ಅಂದರೆ ಚೆರ್ರಿ ಶ್ರಿಂಪ್ ಅನ್ನುವ ಪುಟ್ಟ ಸಿಗಡಿ. ಮಾರಿಮೋ ಮೇಲೆ ಕೂತು ಎಳೆಗಳ ನಡುವಿನ ಕೊಳೆಯನ್ನು ಮುಂಗಾಲಲ್ಲಿ ಆರಿಸಿ ಆರಿಸಿ ತಿನ್ನುತ್ತವೆ. ಆಗ ಚೆಂಡಿಗೂ ಹಾನಿ ಇಲ್ಲ. ಆದರೆ ಶ್ರಿಂಪ್ ಇದ್ದರೆ ಉಪ್ಪಿನ ಪ್ರಯೋಗ ಆ ತೊಟ್ಟಿಯಲ್ಲಿ ಮಾಡಬಾರದು.

ಇನ್ನೊಂದು ಎಚ್ಚರಿಕೆ ಎಲ್ಲರಿಗೂ. ಅಕ್ವೇರಿಯಂ ಗಾಜಿಗೆ ಪಾಚಿ ಕಟ್ಟಿತು ಅಂತ ಪಾಚಿನಾಶಕ ಹಾಕಿದರೆ ಮಾರಿಮೋ ಕೂಡ ಹೋಗುತ್ತದೆ, ಅದೂ ಪಾಚಿಯೇ ತಾನೆ. ಮೀನಿನ ಕೆಲವು ಔಷಧಿಗಳಲ್ಲಿ ತಾಮ್ರ ಇರುತ್ತದೆ. ಅದು ಪಾಚಿಗೂ ವಿಷ, ಶ್ರಿಂಪ್‌ಗೂ ವಿಷ. ಔಷಧಿ ಹಾಕಲೇಬೇಕಾದರೆ ಮೊದಲು ಚೆಂಡನ್ನು ಬೇರೆ ಪಾತ್ರೆಗೆ ತೆಗೆಯಿರಿ.

ಹಸಿರುಬೊಗಸೆ ಉತ್ತರ:

ಚಹಾ ಬಣ್ಣ ಅಂತ ಓದಿ ಖುಷಿಯಾಯಿತು. ಕೊಳೆ ಹೊರಗೆ ಬಂತು. ಕಿತ್ತು ಬಂದ ಎಳೆಗಳ ಜಾಗ ತಾನೇ ತುಂಬಿಕೊಳ್ಳುತ್ತದೆ. ಒಳಗಿನ ಎಳೆಗಳು ಕತ್ತಲಲ್ಲಿದ್ದರೂ ಹಸಿರನ್ನು ಉಳಿಸಿಕೊಂಡಿರುತ್ತವೆ. ಬೆಳಕು ಬಿದ್ದರೆ ಮತ್ತೆ ಬೆಳೆಯಲು ಶುರು ಮಾಡುತ್ತವೆ.

ನಲ್ಲಿ ನೀರನ್ನು ತೆರೆದ ಪಾತ್ರೆಯಲ್ಲಿ ಒಂದು ದಿನ ಇಟ್ಟು ಹಾಕಿ, ಕ್ಲೋರಿನ್ ಹೋಗುತ್ತದೆ. ಕೆಲವು ಕಡೆ ನೀರು ಶುದ್ಧ ಮಾಡಲು ಕ್ಲೋರಿನ್ ಬದಲು ಕ್ಲೋರಮೈನ್ ಹಾಕುತ್ತಾರೆ. ಅದು ಹೀಗೆ ಇಟ್ಟರೆ ಹೋಗುವುದಿಲ್ಲ, ಅಕ್ವೇರಿಯಂನವರು ಬಳಸುವ ವಾಟರ್ ಕಂಡೀಷನರ್ ಬೇಕು.

ಬೇಸಿಗೆಯ ವಿಷಯ ಮುಖ್ಯ. ನೀರು 25 ಡಿಗ್ರಿಯೊಳಗಿದ್ದರೆ ಮಾರಿಮೋ ಆರಾಮಾಗಿರುತ್ತದೆ. ನಾಲ್ಕಾರು ದಿನ ಸ್ವಲ್ಪ ಮೇಲೆ ಹೋದರೆ ತಡೆದುಕೊಳ್ಳುತ್ತದೆ. 30 ಡಿಗ್ರಿ ದಾಟಿ ವಾರಗಟ್ಟಲೆ ನಿಂತರೆ ಬಳಲುತ್ತದೆ, ಎಳೆಗಳು ಸಡಿಲವಾಗುತ್ತವೆ. ಮನೆಯೊಳಗೆ ತಂಪಾದ ಜಾಗ ಅಂದರೆ ಸಾಮಾನ್ಯವಾಗಿ ನೆಲಕ್ಕೆ ಹತ್ತಿರದ, ಗಾಳಿಯಾಡುವ ಮೂಲೆ. ಕಪಾಟಿನ ನೆತ್ತಿ ಬೇಸಿಗೆಯಲ್ಲಿ ಬಿಸಿಯಾಗುತ್ತದೆ, ಅಲ್ಲಿಂದ ಆಗ ಇಳಿಸಿ. ಸಣ್ಣ ಜಾರ್‌ಗಿಂತ ದೊಡ್ಡ ಜಾರ್ ಒಳ್ಳೆಯದು, ಜಾಸ್ತಿ ನೀರು ಬೇಗ ಕಾಯುವುದಿಲ್ಲ. ತೀರಾ ಸೆಕೆ ಬಂದರೆ ಜಾರ್ ಸಮೇತ ಫ್ರಿಜ್‌ನಲ್ಲಿ ಇಡಬಹುದು. ಫ್ರೀಜರ್ ಅಲ್ಲ, ಕೆಳಗಿನ ತಟ್ಟೆ. ಒಂದೆರಡು ವಾರದ ಕತ್ತಲು ಇದಕ್ಕೆ ಲೆಕ್ಕಕ್ಕಿಲ್ಲ. ಆಕಾನ್ ಸರೋವರ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ಅಲ್ಲಿನ ಚೆಂಡುಗಳು ಮಂಜುಗಡ್ಡೆಯ ಕೆಳಗೆ ತಿಂಗಳುಗಟ್ಟಲೆ ಇರುತ್ತವೆ.

ಆದರೆ ಫ್ರಿಜ್‌ನಿಂದ ತೆಗೆದ ತಕ್ಷಣ ಬೆಳಕಿಗೆ ಇಡಬೇಡಿ. ಟೋಕಿಯೊ ವಿಶ್ವವಿದ್ಯಾಲಯದ ಸಂಶೋಧಕರು ಆಕಾನ್ ಮಾರಿಮೋಗಳ ಮೇಲೆ ಪ್ರಯೋಗ ಮಾಡಿ 2022ರಲ್ಲಿ ಪ್ರಕಟಿಸಿದ್ದಾರೆ. ತಣ್ಣನೆ ನೀರು ಮತ್ತು ಜೋರು ಬೆಳಕು ಎರಡೂ ಒಟ್ಟಿಗೆ ಸೇರಿದರೆ ಜೀವಕೋಶಗಳಿಗೆ ಹಾನಿಯಾಗುತ್ತದೆ ಅನ್ನುವುದು ಅವರ ಕಾಳಜಿ. ಮಂಜುಗಡ್ಡೆ ಬೇಗ ಕರಗಿದರೆ ಸರೋವರದಲ್ಲಿ ಆಗುವುದೂ ಇದೇ. ಇದನ್ನು ಓದಿದ ಮೇಲೆ ನನಗೆ ಆ ಸರೋವರದ ಬಗ್ಗೆ ನಿಜಕ್ಕೂ ಚಿಂತೆಯಾಯಿತು. ಜಪಾನ್ ಸರ್ಕಾರ 1921ರಲ್ಲೇ ಅಲ್ಲಿನ ಮಾರಿಮೋಗಳನ್ನು ಸಂರಕ್ಷಿತ ಅಂತ ಘೋಷಿಸಿತ್ತು. ಅಷ್ಟು ಜೋಪಾನ ಮಾಡಿಯೂ ಹವಾಮಾನದಿಂದ ಕಾಯುವುದು ಕಷ್ಟ. ನಮ್ಮ ಮಟ್ಟಿಗೆ ಆಗಬೇಕಾದ್ದು ಇಷ್ಟು: ಜಾರ್ ಅನ್ನು ಮೊದಲು ಮಂಕು ಬೆಳಕಿನ ಜಾಗದಲ್ಲಿಡಿ, ನೀರು ಕೋಣೆಯ ಮಟ್ಟಕ್ಕೆ ಬರಲಿ, ಆಮೇಲೆ ಎಂದಿನ ಜಾಗಕ್ಕೆ.

ಇನ್ನು ತೇಲುವುದು. ಬೆಳಕು ಬಿದ್ದಾಗ ಎಳೆಗಳು ಆಮ್ಲಜನಕ ಬಿಡುತ್ತವೆ. ಆ ಗುಳ್ಳೆಗಳು ಎಳೆಗಳ ನಡುವೆ ಸಿಕ್ಕಿಕೊಂಡು ಚೆಂಡನ್ನು ಎತ್ತುತ್ತವೆ. ಕತ್ತಲಾದರೆ ಗುಳ್ಳೆ ಕಡಿಮೆಯಾಗಿ ಮುಳುಗುತ್ತದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2018ರಲ್ಲಿ ಇದನ್ನು ಪರೀಕ್ಷಿಸಿದರು. ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಕೆಲಸವನ್ನು ರಾಸಾಯನಿಕದಿಂದ ತಡೆದಾಗ ಗುಳ್ಳೆಯೂ ಇಲ್ಲ, ತೇಲುವುದೂ ಇಲ್ಲ. ಇನ್ನೂ ಚಂದದ ಸಂಗತಿ ಅಂದರೆ, ಮಂಕು ಕೆಂಪು ಬೆಳಕಲ್ಲಿ ದಿನಗಟ್ಟಲೆ ಇಟ್ಟು ಆಮೇಲೆ ಬೆಳಕು ಕೊಟ್ಟರೂ, ಅವುಗಳ ಬೆಳಗಿನ ಹೊತ್ತಿಗೆ ಕೊಟ್ಟಾಗ ಬೇಗ ತೇಲಿದವು. ಅಂದರೆ ಅವುಗಳ ಒಳಗೇ ಒಂದು ಗಡಿಯಾರ ಇದೆ. ಮಿದುಳಿಲ್ಲ, ನರ ಇಲ್ಲ, ಆದರೂ ಬೆಳಗಾಯಿತು ಅಂತ ಗೊತ್ತಾಗುತ್ತದೆ. ನಾನು ಇವನ್ನು ಇಷ್ಟು ಹಚ್ಚಿಕೊಂಡಿರುವುದಕ್ಕೆ ಇಂಥ ಸಂಗತಿಗಳೇ ಕಾರಣ.

ನಿಮ್ಮದು ಕೊಳೆ ತುಂಬಿ ಭಾರವಾಗಿತ್ತು, ಬೆಳಕನ್ನು ಹೀರುವ ಮೈಯೂ ಮುಚ್ಚಿತ್ತು. ಮುಂದೆ ತೇಲಿದರೂ ತೇಲಬಹುದು. ತೇಲದಿದ್ದರೂ ತೊಂದರೆ ಇಲ್ಲ, ತಳದಲ್ಲಿರುವುದೇ ಅದರ ಸಹಜ ಸ್ಥಿತಿ. ಹೊಸದಾಗಿ ತಂದ ಚೆಂಡು ಮೊದಲ ದಿನ ತೇಲುತ್ತಿದ್ದರೆ ಒಳಗೆ ಬರೀ ಗಾಳಿ ಸಿಕ್ಕಿಕೊಂಡಿರುತ್ತದೆ, ನೀರೊಳಗೆ ಒತ್ತಿದರೆ ಮುಳುಗುತ್ತದೆ.

ಉಪ್ಪು: ಈ ಪಾಚಿ ಬಾಲ್ಟಿಕ್ ಸಮುದ್ರದ ಕಡಿಮೆ ಉಪ್ಪಿನ ನೀರಲ್ಲೂ ಬದುಕುತ್ತದೆ. ಅದಕ್ಕೇ ಒಂದು ಚಿಟಿಕೆ ಅಕ್ವೇರಿಯಂ ಉಪ್ಪು ಹಾಕುವವರು ಇದ್ದಾರೆ. ಹಾಕಿದರೆ ಸಾಯುವುದಿಲ್ಲ. ಆದರೆ ಕೊಳೆಯಿಂದ ಬಂದ ಕಂದಿಗೆ ಉಪ್ಪು ಮದ್ದಲ್ಲ. ನಿಮಗೆ ಅದು ಬೇಕಿಲ್ಲ.

ಕಪ್ಪುಗಾಜು ಉತ್ತರ:

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಅಂಗಡಿಯಿಂದ ತಂದಿದ್ದು. ಪೂರ್ತಿ ಗುಂಡಗಿದೆ, ಆದರೆ ಒತ್ತಿದರೆ ಒಳಗೆ ಗಟ್ಟಿ. ಇದು ಅಸಲಿ ಹೌದೋ ಅಲ್ಲವೋ? ಇನ್ನೊಂದು ಚೆಂಡು ತುಂಬಾ ದೊಡ್ಡದಾಗಿದೆ, ಅದನ್ನು ಎರಡು ಮಾಡಬಹುದಾ?

ಹಸಿರುಬೊಗಸೆ ಉತ್ತರ:

ಬನ್ನಿ ಬನ್ನಿ, ಒಳ್ಳೆಯ ಪ್ರಶ್ನೆ ಕೇಳಿದಿರಿ. ಒಳಗೆ ಗಟ್ಟಿ ಸಿಕ್ಕರೆ ಅನುಮಾನ ಪಡಿ. ಥರ್ಮೋಕೋಲ್ ಅಥವಾ ಸ್ಪಂಜಿನ ಉಂಡೆಗೆ ಜಾವಾ ಮಾಸ್ ಅನ್ನುವ ಅಕ್ವೇರಿಯಂ ಹಾವಸೆ ಸುತ್ತಿ ಮಾರುವುದು ಉಂಟು. ಒಂದು ಚೂರು ಕಿತ್ತು ಬೆಳಕಿಗೆ ಹಿಡಿದು ನೋಡಿ. ಮಾರಿಮೋ ಆದರೆ ಬರೀ ಕವಲುಕವಲಾದ ಎಳೆ, ಎಲೆ ಇರುವುದಿಲ್ಲ. ಮಾಸ್ ಆದರೆ ಕಾಂಡದ ಎರಡೂ ಕಡೆ ಪುಟ್ಟ ಎಲೆಗಳು ಕಾಣುತ್ತವೆ. ಬಿಡಿ ಎಳೆಗಳನ್ನು ಕೈಯಲ್ಲಿ ಉಂಡೆ ಕಟ್ಟಿ ಮಾರುವುದೂ ಇದೆ. ಅದು ಮೋಸ ಅಂತ ನನಗನ್ನಿಸುವುದಿಲ್ಲ. ಎಳೆ ಅಸಲಿಯೇ, ಉರುಳಿಸುತ್ತಾ ಇದ್ದರೆ ನಿಧಾನಕ್ಕೆ ಬಿಗಿಯಾಗುತ್ತದೆ.

ದೊಡ್ಡದನ್ನು ಎರಡು ಮಾಡಬಹುದು. ಆಕಾನ್‌ನಲ್ಲಿ 20, 30 ಸೆಂಟಿಮೀಟರ್ ತನಕ ಬೆಳೆಯುತ್ತವೆ. ಅಷ್ಟು ದೊಡ್ಡವು ನಡುವೆ ಟೊಳ್ಳಾಗಿ ಅಲೆಗೆ ಒಡೆಯುತ್ತವೆ, ಚೂರುಗಳಿಂದ ಹೊಸ ಚೆಂಡು ಹುಟ್ಟುತ್ತದೆ. ನಿಮ್ಮದನ್ನು ಕೈಯಿಂದಲೇ ಬಿಡಿಸಿ, ಎಲ್ಲಿ ಸಲೀಸಾಗಿ ಬಿಡುತ್ತದೋ ಅಲ್ಲಿ. ನಡುವೆ ಬೂದು ಬಣ್ಣದ ಕೊಳೆತ ಭಾಗ ಇದ್ದರೆ ತೆಗೆದುಹಾಕಿ. ಉಳಿದಿದ್ದನ್ನು ಉಂಡೆ ಮಾಡಿ ಹತ್ತಿ ದಾರವನ್ನು ಸಡಿಲವಾಗಿ ಸುತ್ತಿ. ಆಕಾರ ನಿಂತ ಮೇಲೆ ದಾರ ಬಿಚ್ಚಿದರಾಯಿತು.

ಅಂಗಡಿಯಿಂದ ತಂದವರು ಇನ್ನೊಂದು ಕೆಲಸ ಮಾಡಲೇಬೇಕು. 2021ರ ಮಾರ್ಚ್‌ನಲ್ಲಿ ಅಮೆರಿಕದ ಸಾಕುಪ್ರಾಣಿ ಅಂಗಡಿಗಳಲ್ಲಿ ಮಾರುತ್ತಿದ್ದ ಮಾರಿಮೋಗಳ ಒಳಗೆ ಜೀಬ್ರಾ ಮಸೆಲ್ ಅನ್ನುವ ಪುಟ್ಟ ಚಿಪ್ಪುಜೀವಿ ಸಿಕ್ಕಿತು. ನೀರಿನ ಪೈಪುಗಳಲ್ಲಿ ಗಿಜಿಗುಟ್ಟಿ ಬೆಳೆಯುವ, ಸರೋವರಗಳನ್ನೇ ಕೆಡಿಸುವ ಜೀವ ಅದು. ಚೆಂಡನ್ನು ಬಿಳಿ ತಟ್ಟೆಯ ಮೇಲಿಟ್ಟು ಎಳೆಗಳನ್ನು ಅಗಲಿಸಿ ನೋಡಿ. ಮರಿಗಳು ಬಹಳ ಚಿಕ್ಕವು, ಮೈಮೇಲೆ ಸಾಮಾನ್ಯವಾಗಿ ಪಟ್ಟೆ ಇರುತ್ತದೆ. ಸಿಕ್ಕರೆ ಚೆಂಡು ಎಷ್ಟೇ ಪ್ರೀತಿಯದಾದರೂ ಇಟ್ಟುಕೊಳ್ಳಬೇಡಿ. ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿ 24 ಗಂಟೆಯಾದರೂ ಇಡಿ, ಇಲ್ಲವೇ ಕುದಿಯುವ ನೀರಲ್ಲಿ ಒಂದು ನಿಮಿಷ ಪೂರ್ತಿ ಮುಳುಗಿಸಿ. ಆಮೇಲೆ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ. ಜಾರ್‌ನ ನೀರನ್ನೂ ಚೆನ್ನಾಗಿ ಕುದಿಸಿಯೇ ಚೆಲ್ಲಿ. ಚೆಂಡು ಆರೋಗ್ಯವಾಗಿದ್ದರೂ, ಸಾಕಿ ಬೇಸರವಾದರೂ, ಕೆರೆಗೋ ಹೊಳೆಗೋ ಬಿಡುವ ಮಾತೇ ಬೇಡ.

ತಿಳಿನೀರು ಉತ್ತರ:

ಎಳೆ ಅಗಲಿಸಿ ನೋಡಿದೆ, ಚಿಪ್ಪು ಏನೂ ಇಲ್ಲ. ಮೀನಿನ ಆಸೆ ಸದ್ಯಕ್ಕೆ ಬಿಟ್ಟೆ. ಇನ್ನೂ ದೊಡ್ಡ ಜಾರ್ ಹುಡುಕುತ್ತೇನೆ. ನೆತ್ತಿಯ ಬಿಳಿ ತುದಿಗಳನ್ನು ಕತ್ತರಿಸದೆ ಹಾಗೇ ಬಿಟ್ಟಿದ್ದೇನೆ, ಹೊಸ ಎಳೆ ಬರುವುದನ್ನು ನೋಡಬೇಕು ಅಂತ ಆಸೆ.